ಐನೂರ ಎಪ್ಪತ್ತಮೂರು ಡಿಗ್ರಿ

ನವೆಂಬರ್ 11, ಸೋಮವಾರ
ಸಾನಮಾವು ಕಾಡಿನ ಹತ್ತಿರ ಆನೆ ರಸ್ತೆ ದಾಟಿತು. ಕಂಪನಿ ಬಸ್ ತಡ. ಎಂದಿನಂತೆ ಕರೆಂಟ್ ಕಂಬದ ಪಿಂಗಾಣಿಗಳಿಗೆ ಹೊಳಪಿನ ಕಂದು ಲೇಪ, ಗ್ಲೇಜ್ ಹಚ್ಚಿದೆ. ಭಾನುವಾರ ನಮ್ಮ ಯಜಮಾನರ ವರ್ಷದ ತಿಥಿ. ಎಡೆಗೆ ಅವರು ಮಾಡಿದ ಕಪ್ಪಿನಲ್ಲೇ ಟೀ ಇಡಬೇಕೆಂದು ಅತ್ತೆಯ ಹಟ. ಅವರು ಇದೇ ಕಂಪನಿಯ ಮೋಲ್ಡಿಂಗ್ ವಿಭಾಗದಲ್ಲಿದ್ದಾಗ ಮಿಕ್ಕ ಮಣ್ಣಿನಲ್ಲಿ ಮಾಡಿದ್ದು. ಸುಟ್ಟಿಲ್ಲ. ಟೀ ಸುರಿದರೆ ಕೆಸರಾಗುತ್ತದೆ.

ನವೆಂಬರ್ 13
ಆ ಟೀ ಕಪ್ಪಿಗೂ ಅದೇ ಕಂದು ಗ್ಲೇಜ್ ಹಚ್ಚಿದೆ. ಪಿಂಗಾಣಿ ಸುಡುವ ಗೂಡು, ಕಿಲ್ನ್ ನೋಡಿಕೊಳ್ಳುವ ಮರಿಸ್ವಾಮಿಯವರು ಲೋಡಿನ ಮೂಲೆಯಲ್ಲಿ ಇಟ್ಟರು.
“ಕಾಯೋವಾಗ ಅಷ್ಟು ಭಯ ಇಲ್ಲ ಸರಳಮ್ಮ. ಆರೋವಾಗ್ಲೇ. ಮಣ್ಣಲ್ಲಿ ಬೆಣಚುಕಲ್ಲಿನ ಪುಡಿ ಇರ್ತದಲ್ಲ, ಐನೂರ ಎಪ್ಪತ್ಮೂರು ಡಿಗ್ರಿಗೆ ಇಳಿದಾಗ ಅದರ ಹರಳು ಒಳಗಿನ ಜೋಡಣೇನೇ ಬದಲಾಯಿಸ್ತದೆ. ಥಟ್ ಅಂತ ಕುಗ್ತದೆ. ಹೊರಗಡೆ ಕುಗ್ಗಿ ಒಳಗಡೆ ಕುಗ್ದೆ ಇದ್ರೆ ಸೀಳು.”
“ಬೇರೆ ಕಲ್ಲಾಗ್ತದಾ?”
“ಕಲ್ಲು ಅದೇ. ಕೂತಿರೋ ಭಂಗಿ ಬೇರೆ, ಅಷ್ಟೆ.”

ನವೆಂಬರ್ 16, ಸಂಜೆ
ಕಿಲ್ನ್ ಆರುತ್ತಿದೆ, ಮೀಟರಿನಲ್ಲಿ ಆರುನೂರ ನಲವತ್ತು ಡಿಗ್ರಿ. ಬಾಗಿಲು ತೆಗೆಯುವುದು ಸೋಮವಾರ. ಮರಿಸ್ವಾಮಿಯವರು ಕರೆದರು.
“ನಾಳೆ ತಿಥಿ ಅಲ್ವಾ. ಬಾಗಿಲು ಒಂಚೂರು ಓರೆ ಮಾಡ್ತೀನಿ, ಬೇಗ ಆರ್ತದೆ. ಬೆಳಿಗ್ಗೆ ಕೈಗೆ ಕೊಡ್ತೀನಿ.”
“ಸೀಳಿದ್ರೆ?”
ಅವರ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಅದೇ ಲೋಡಿನಲ್ಲಿ ಬೇರೆಯವರ ಕೆಲಸವೂ ಇದೆ. ನನಗೂ ನಾಳೆಗೇ ಬೇಕಿತ್ತು...
ಬೇಡ ಎಂದೆ.

ನವೆಂಬರ್ 17
ಸ್ಟೀಲ್ ಲೋಟದಲ್ಲಿ ಟೀ ಇಟ್ಟೆ. ಅತ್ತೆ ನೆಂಟರ ಮುಂದೆಯೇ, “ಊರಿನ ಕಂಬಕ್ಕೆಲ್ಲ ಪಿಂಗಾಣಿ ಮಾಡ್ತಾಳೆ, ಕಟ್ಕೊಂಡೋನಿಗೆ ಸ್ಟೀಲ್ ಲೋಟ ಕಣಮ್ಮ” ಎಂದರು. ಎಡೆ ಎತ್ತಿದ ಮೇಲೆ ಆ ಟೀ ಯಾರೂ ಕುಡಿಯಲಿಲ್ಲ.

ನವೆಂಬರ್ 19, ಮಂಗಳವಾರ
ನಿನ್ನೆ ಬರೆಯಲಾಗಲಿಲ್ಲ. ಟೀ ಕಪ್ ಕಿಲ್ನ್‌ನಿಂದ ಹೊರಗೆ ಬಂತು. ಮರಿಸ್ವಾಮಿಯವರು ಉಗುರಿನಲ್ಲಿ ತಟ್ಟಿ ಕಿವಿಗೆ ಹಿಡಿದರು. ಸೀಳಿದ್ದರೆ ಸದ್ದು ಮಂಕಾಗಿ ಬರುತ್ತದಂತೆ. ಇದು ಗಂಟೆಯ ಹಾಗೆ ನುಡಿಯಿತು. ಸುಟ್ಟು ಮೊದಲಿಗಿಂತ ಚಿಕ್ಕದಾಗಿದೆ.
ಮನೆಗೆ ತಂದು ಯಜಮಾನರ ಫೋಟೋ ಮುಂದೆ ಇಟ್ಟೆ. ಅತ್ತೆ ಎತ್ತಿಕೊಂಡು ಸುತ್ತ ತಿರುಗಿಸಿ ನೋಡಿದರು.
“ತಿಥಿ ಮುಗ್ದೋಯ್ತಲ್ಲ. ನನಗೇ ಹಾಕ್ಕೊಡು ಟೀನ.”
ಅರ್ಧ ಹಾಕಿದೆ. ಎರಡು ಗುಟುಕು ಕುಡಿದು ನನ್ನ ಕಡೆ ಚಾಚಿದರು.
“ಮಿಕ್ಕಿದ್ದು ನಿಂದು. ಕುಡಿ.”
ಇನ್ನೂ ಬಿಸಿಯಿತ್ತು. ಅವರ ಮುಖ ನೋಡದೆ ಅದೇ ಕಪ್ಪಿನಿಂದ ಕುಡಿದು ಮುಗಿಸಿದೆ.