ಎರಡನೇ ಕೋಟು

ಅತ್ತಿಗೆಯವರಿಗೆ ನಮಸ್ಕಾರ.

ನನ್ನನ್ನು ನೀವು ನೋಡಿಲ್ಲ. ಪುಟ್ಟ ಮಾದರಿ ಹಡಗುಗಳನ್ನು ಕಟ್ಟುವವರ ಗುಂಪಿನಲ್ಲಿ ನಿಮ್ಮ ಯಜಮಾನರ ಜೊತೆ ದಿನವೂ ಫೋನಿನಲ್ಲಿ ಹರಟೆ ಹೊಡೆಯುತ್ತಿದ್ದ ‘ಗೋಂದು ಮೇಷ್ಟ್ರು’ ನಾನೇ. ಅವರು ತೀರಿಕೊಂಡ ಸುದ್ದಿ ನಿನ್ನೆ ತಿಳಿಯಿತು.

ಕಳೆದ ತಿಂಗಳು ಅವರು, “ಆ ಹೊಸ ಸಿನಿಮಾದ ಕೊನೆ ಹೇಳಿಬಿಡಿ” ಅಂದರು. “ಥಿಯೇಟರಿಗೆ ಹೋಗಿ ನೋಡಿ” ಅಂದೆ. “ಹಡಗಿಗೆ ಎರಡನೇ ಕೋಟು ಬಣ್ಣ ಇವತ್ತೇ ಹೊಡೀಲಾ?” ಅಂದರು. “ತಲೆ ಹೋಗೋ ಅವಸರ ಏನ್ರೀ? ಒಂದು ತಿಂಗಳು ಒಣಗಲಿ” ಎಂದು ರೇಗಿದೆ. “ಆಗಲಿ” ಅಂದರು. ಕಾಯಿಲೆಯ ಮಾತೇ ಎತ್ತಲಿಲ್ಲ.

ಹಡಗನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತೀರಾ? ಎರಡನೇ ಕೋಟು ನಾನು ಹೊಡೆದು ತಂದುಕೊಡುತ್ತೇನೆ. ಸುತ್ತುವ ಮೊದಲು ಬೆರಳು ತಾಕಿಸಿ ನೋಡಿ. ಬಣ್ಣ ಈಗ ಒಣಗಿರಬೇಕು.

ಅವರ ಜಗಳದ ಜೊತೆಗಾರ,
ಗೋಂದು ಮೇಷ್ಟ್ರು

ಮರೆತಿದ್ದೆ: ಆ ಸಿನಿಮಾದಲ್ಲಿ ಕಳ್ಳ ಕೊನೆಗೂ ಸಿಗುವುದಿಲ್ಲ. ಅವತ್ತೇ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?