ನಾ ಥೇ ಕಟ್ಟಿದ ದಾರ

ಅಕ್ಟೋಬರ್ ೧೭, ರಾತ್ರಿ

ಹೊಟ್ಟೆ ಇನ್ನೂ ಉರಿಯುತ್ತಿದೆ.

ಹಳ್ಳಕ್ಕೆ ಬಿದ್ದು ಹೆದರಿದ ಮಗಳು ಮೊನ್ನೆಯಿಂದ ಜ್ವರದಲ್ಲಿ ಮಲಗಿದ್ದಳು. ಆತ್ಮ ಹಳ್ಳದ ಬಳಿಯೇ ಉಳಿದಿದೆ ಎಂದರು ಮನೆಯವರು. ಬೆಳಿಗ್ಗೆ ಅನ್ನ, ಮೊಟ್ಟೆ ಹಿಡಿದು ಅಲ್ಲಿಗೆ ಹೋಗಿ, ನನ್ನ ತವರಿನ ಹಳದಿ ಲಾಹು ಪಂಗಡದ ಮಾತಿನಲ್ಲಿ ಆತ್ಮವನ್ನು ಗಂಟಲು ಹರಿಯುವಂತೆ ಕರೆದೆ. ಮಗಳು ಕಣ್ಣು ಬಿಡಲಿಲ್ಲ.

ಸಂಜೆ ಓರಗಿತ್ತಿ ನಾ ಥೇ ಹೋದಳು. ಈ ಊರಿನ ಕಪ್ಪು ಲಾಹು ಪಂಗಡದ ಮಾತಿನಲ್ಲಿ ಒಂದೇ ಸಲ ಕರೆದು ಬಂದು, ಆತ್ಮ ಮತ್ತೆ ಹೋಗದಂತೆ ಮಗುವಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದಳು. ಕಟ್ಟಿದ್ದೇ ತಡ, ಮಗಳು ಎದ್ದು ಕೂತು, "ದೊಡ್ಡಮ್ಮಾ, ಹಸಿವು, ಅನ್ನ ಕೊಡು" ಅಂದಳು. ದೊಡ್ಡಮ್ಮನಂತೆ! ಹೆತ್ತವಳು ಪಕ್ಕದಲ್ಲೇ ಇದ್ದೆ.

"ನಿನ್ನ ಮಾತು ನಮಗೇ ಅರ್ಧ ತಿಳಿಯಲ್ಲ ಕಣೇ. ಪಾಪ, ಮಗೂನ ಆತ್ಮಕ್ಕೆ ಹೇಗೆ ತಿಳೀಬೇಕು?" ಎಂದು ಅತ್ತೆ ನಕ್ಕರು. ನಾ ಥೇ ನಗಲಿಲ್ಲ, ತಲೆ ತಗ್ಗಿಸಿದಳು. ಅದು ಇನ್ನೂ ಉರಿಸಿತು.

ಮಗಳು ಮಲಗಿದ್ದಾಳೆ, ಜ್ವರ ಬಿಟ್ಟಿದೆ. ನಾ ಥೇ ಕಟ್ಟಿದ ದಾರ ಕತ್ತರಿಸಿ ನನ್ನದೊಂದು ಕಟ್ಟೋಣವೆಂದು ಈಗಷ್ಟೇ ಚಾಕು ಹಿಡಿದು ಕೂತಿದ್ದೆ. ಕೈ ಬರಲಿಲ್ಲ. ದಾರದ ಜೊತೆ ಆತ್ಮವೂ ಹೊರಟುಬಿಟ್ಟರೆ, ಕರೆತರಲು ಮತ್ತೆ ಆ ನಾ ಥೇಯ ಕಾಲನ್ನೇ ಹಿಡಿಯಬೇಕು.