ಅಳಿಯ ಎಂದರೆ ಯಾವ ಅಳಿಯ?

ಅತ್ತಾವರ, ಮಂಗಳೂರು
೧೪ ಆಗಸ್ಟ್ ೧೯೮೮

ಪ್ರೀತಿಯ ತಮ್ಮ ತಾರಾನಾಥನಿಗೆ, ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವುದು.

ಟೀವಿಯವರ ಮೇಲೆ ಕೆಂಡ ಕಾರಿ ನೀನು ಬೆಂಗಳೂರಿನಿಂದ ಬರೆದ ಕಾಗದ ಸಿಕ್ಕಿತು. ನಿನ್ನ ಪತ್ತೇದಾರಿ ಕಾದಂಬರಿಯನ್ನು ಧಾರಾವಾಹಿ ಮಾಡಿ ಅವರು ಕೆಡಿಸಿದ್ದು ನಿಜ. ನಿನ್ನ ಪತ್ತೇದಾರ ಹ್ಯೂಬರ್ಟ್ ಬಂದರಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಲೇ ಕಳ್ಳನ ಜಾಡು ಹಿಡಿಯುವವ. ಅವನಿಗೆ ಕೋಟು ತೊಡಿಸಿ ಸೋಫಾದಲ್ಲಿ ಕೂರಿಸಿದ್ದಾರೆ. ಮೀನಿನ ವಾಸನೆಯೇ ಇಲ್ಲದ ಮಂಗಳೂರು ಅದು!

ಆದರೆ ನಿನ್ನ ಸಿಟ್ಟು ಅದಕ್ಕಲ್ಲ. ಪುಸ್ತಕದಲ್ಲಿ ಮನೆಯ ಯಜಮಾನನನ್ನು ಆಸ್ತಿಗಾಗಿ ಕೊಲ್ಲುವುದು ಅವನ ಅಳಿಯ, ಅಂದರೆ ಅಕ್ಕನ ಮಗ. ಟೀವಿಯವರು ಅಳಿಯ ಎಂದರೆ ಮಗಳ ಗಂಡ ಎಂದುಕೊಂಡರು. ಆಸ್ತಿಯೆಲ್ಲ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ನಮ್ಮ ಅಳಿಯಸಂತಾನದ ಮನೆಯಲ್ಲಿ ಮಗಳ ಗಂಡನಿಗೆ ತೆಂಗಿನ ಗರಿಯೂ ಸಿಗದು, ಅವ ಯಾಕೆ ಮಾವನನ್ನು ಕೊಲ್ಲುತ್ತಾನೆ? ನಾನೂ ನಕ್ಕೆ. ಪೇಪರಿಗೆ ಬರೆದು ಈ ತಪ್ಪು ತಿದ್ದಿಸುತ್ತೇನೆ ಎಂದಿದ್ದೀ. ಬೇಡ ತಮ್ಮಾ, ಅದು ಹಾಗೇ ಇರಲಿ.

ನೀನು ಆ ಅಳಿಯನಿಗೆ ಹಂಪನಕಟ್ಟೆಯಲ್ಲಿ ಹೋಟೆಲು ಕೊಟ್ಟೆ, ಎಡಗಾಲು ಎಳೆದು ನಡೆಯುವಂತೆ ಮಾಡಿದೆ. ಊರಿನಲ್ಲಿ ಹಾಗೆ ನಡೆಯುವ ಹೋಟೆಲಿನವ ನನ್ನ ಮಗ ಚಿತ್ತರಂಜನ ಒಬ್ಬನೇ. ಕತೆ ಬೇರೆ, ಬದುಕು ಬೇರೆ ಎಂದು ನೀನಂದೆ. ಅದನ್ನು ಜನಕ್ಕೆ ಹೇಳುವವರು ಯಾರು? ಹೆಣ್ಣು ಕೊಡಲು ಒಪ್ಪಿದ್ದವರು ಪುಸ್ತಕ ಓದಿ ಹಿಂದೆ ಸರಿದರು. ಅಂದಿನಿಂದ ನೀವು ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆ ನಾನು. ನಿನ್ನ ಮೇಲೆ ನನಗೂ ಕೋಪ ಇತ್ತು, ಇಲ್ಲ ಎನ್ನುವುದಿಲ್ಲ.

ಧಾರಾವಾಹಿ ಮುಗಿದ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಉರ್ಸುಲಾ ಬೇಲಿಯ ಹತ್ತಿರ ಬಂದು, "ಎಂತ ಗುಣವತಿಯಕ್ಕ, ಕೊಂದದ್ದು ನಿಮ್ಮ ಮಗ ಅಲ್ವಂತೆ ಮಾರಾಯ್ರೆ!" ಎಂದಳು. ಹೋಟೆಲಿನಲ್ಲೂ ಗಿರಾಕಿಗಳು ನಗುತ್ತಾ ಅದನ್ನೇ ಹೇಳಿದರಂತೆ. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಈಗ ನೀನು ತಿದ್ದಲು ಹೊರಟರೆ ನನ್ನ ಮಗ ಮತ್ತೆ ಕೊಲೆಗಾರನಾಗುತ್ತಾನೆ. ನಿನ್ನ ಕತೆ ಕೆಟ್ಟರೆ ಇನ್ನೊಂದು ಬರೆಯಬಹುದು, ಅವನ ಹೆಸರು ಹಾಗಲ್ಲ. ಅಕ್ಕ ಇಷ್ಟು ದಿನ ನಿನ್ನಲ್ಲಿ ಏನೂ ಕೇಳಿಲ್ಲ, ಇದೊಂದನ್ನು ನಡೆಸಿಕೊಡು.

ಕೆಮ್ಮು ಹೇಗಿದೆ? ಸಿಗರೇಟು ಬಿಟ್ಟೆ ಎಂದು ಸುಳ್ಳು ಬರೆಯಬೇಡ.

ಇಂತು ನಿನ್ನ ಅಕ್ಕ,
ಗುಣವತಿ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲೇ ಚಿತ್ತರಂಜನ ಇದನ್ನು ಓದಿಬಿಟ್ಟ. ಅವನು ನಿನ್ನ ಪುಸ್ತಕ ಮುಟ್ಟಿಯೇ ಇಲ್ಲ ಎಂದು ನಂಬಿದ್ದೆ. ನೋಡಿದರೆ ಪುಟಗಟ್ಟಲೆ ಬಾಯಿಪಾಠ ಉಂಟು! ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ತಿದ್ದಿಸ್ಲಿಕ್ಕೆ ಹೇಳಮ್ಮ. ಪುಸ್ತಕದಲ್ಲಿ ಸಾಯುವಾಗಲೂ ಮಾವ 'ಅವನನ್ನು ಬಿಡಿ, ಅವ ನನ್ನ ಅಳಿಯ' ಅಂತಾರೆ. ನಾನು ಕೊಲೆಗಾರ ಆದ್ರೂ ಅಡ್ಡಿಲ್ಲ. ಟೀವಿಯಲ್ಲಿ ಮಾವನಿಗೆ ಅಕ್ಕನ ಮಗ ಅಂತ ಒಬ್ಬ ಇಲ್ಲವೇ ಇಲ್ಲ."